ನ್ಯಾಯಾಧೀಶರ ಕಾಗದದೊಂದಿಗೆ ಗಿಲ್‌ರಾಯ್‌ಗೆ

ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ಡಬ್ಲಿನ್‌ನಲ್ಲಿ ಬಾರ್ಟ್ ರೈಲು ಹತ್ತಿದೆ. ಟಿಕೆಟ್ಟಿಗೆ ಆರೇಳು ಡಾಲರು. ಬೇಫೇರ್‌ನಲ್ಲಿ ರೈಲು ಬದಲಿಸಿ ಸ್ಯಾನ್ ಹೋಸೆಯ ಬೆರ್ರಿಯೆಸಾ ನಿಲ್ದಾಣದಲ್ಲಿ ಇಳಿದಾಗ ಒಂಬತ್ತರ ಹತ್ತಿರ. ಮಂಜು ಇರಲಿಲ್ಲ. ತಿಂಗಳುಗಟ್ಟಲೆ ಮಳೆ ಕಾಣದ ಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು.

ಹೊರಗೆ ಕಾರಿನಲ್ಲಿ ವಸಂತ ಕುಲಕರ್ಣಿ ಮತ್ತು ಅವರ ಮಗಳು ಅನನ್ಯಾ ಕಾಯುತ್ತಿದ್ದರು. ವಸಂತ ಧಾರವಾಡದವರು, ಎವರ್‌ಗ್ರೀನ್‌ನಲ್ಲಿ ಮನೆ ಮಾಡಿರುವ ಎಂಜಿನಿಯರು. ಅನನ್ಯಾ ಕಾನೂನು ಕಾಲೇಜಿಗೆ ಸೇರಿ ಎರಡು ತಿಂಗಳಾಗಿತ್ತು. ವಸಂತ ಬರೆದ ಮನೆತನದ ಚರಿತ್ರೆಯ ಕರಡನ್ನು ತಿದ್ದಿಕೊಟ್ಟವನು ನಾನು, ಹಿಂದೆ ಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದವನು. ಧಾರವಾಡದ ಮುದ್ರಣಾಲಯಕ್ಕೆ ಅಂದು ಸಂಜೆಯೊಳಗೆ ಕೊನೆಯ ಒಪ್ಪಿಗೆ ಹೋಗಬೇಕಿತ್ತು. ಉಳಿದದ್ದು ಒಂದೇ ಕೆಲಸ: ಅವರ ಮೊಣಕಾಲ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದವನ್ನು ಓದಿಸುವುದು.

ಅದು ಮೋಡಿ ಲಿಪಿಯಲ್ಲಿತ್ತು. ಮರಾಠಿಯನ್ನು ಸರಸರನೆ ಬರೆಯಲು ಕಾರಕೂನರು ಬಳಸುತ್ತಿದ್ದ ಈ ಲಿಪಿ ಮನೆತನದಲ್ಲಿ ಈಗ ಒಬ್ಬರಿಗೆ ಮಾತ್ರ ಗೊತ್ತು. ಅವರು ವಸಂತರ ಸೋದರತ್ತೆ ಇಂದಿರಾಬಾಯಿ. ಮಗನೊಂದಿಗೆ ಗಿಲ್‌ರಾಯ್‌ನಲ್ಲಿದ್ದಾರೆ. ಫೋನಿನ ಫೋಟೋ ನೋಡಿ ಓದಲಾರೆ, ಕಾಗದವನ್ನೇ ತಾ ಎಂದಿದ್ದರು.

ಹೆದ್ದಾರಿ 101ರಲ್ಲಿ ದಕ್ಷಿಣಕ್ಕೆ ಸುಮಾರು ಮೂವತ್ತೈದು ಮೈಲಿ. ಅನನ್ಯಾ ಕಾರು ಓಡಿಸಿದಳು. ವಸಂತ ದಾರಿಯುದ್ದಕ್ಕೂ ತಮ್ಮ ಪೂರ್ವಜ ನರಸೋಪಂತರ ಕಥೆ ಹೇಳಿದರು. ಮುನ್ನೂರು ವರ್ಷದ ಹಿಂದೆ ಕೃಷ್ಣಾ ದಂಡೆಯ ಒಂದು ಸಣ್ಣ ಸಂಸ್ಥಾನದಲ್ಲಿ ನರಸೋಪಂತ ಕಾರಕೂನನಾಗಿ ಸೇರಿದ. ಮರಾಠಿ, ಫಾರಸಿ, ಕನ್ನಡ ಮೂರೂ ಬರುತ್ತಿದ್ದುದರಿಂದ ಅರಸನ ವಕೀಲನಾದ. ನೆರೆಯ ದರಬಾರುಗಳಿಗೆ ಹೋಗಿ ಗಡಿ, ಕಂದಾಯದ ತಕರಾರುಗಳಲ್ಲಿ ಒಡೆಯನ ಪರ ವಾದಿಸುತ್ತಿದ್ದ. ಕೊನೆಗೆ ಸಂಸ್ಥಾನದ ನ್ಯಾಯಾಧೀಶನಾದ. ಚೆನ್ನವ್ವನೆಂಬ ವಿಧವೆಯ ಹೊಲವನ್ನು ಅರಸ ಸೇರಿಸಿಕೊಂಡಾಗ ಆಕೆಯ ಪರವಾಗಿ ತೀರ್ಪು ಕೊಟ್ಟ. ಆ ತೀರ್ಪೇ ಈ ಕಾಗದ ಎಂಬುದು ಮನೆಯವರ ನಂಬಿಕೆ.

"ಲಾ ಸ್ಕೂಲ್ ಅಡ್ಮಿಶನ್ ಎಸ್ಸೇಲಿ ನಾನು ಇದನ್ನೇ ಬರೆದಿದ್ದೆ ಅಂಕಲ್," ಎಂದಳು ಅನನ್ಯಾ.

ಗಿಲ್‌ರಾಯ್‌ನಲ್ಲಿ ಕಾರಿನ ಬಾಗಿಲು ತೆರೆದಾಗ ಬೆಳ್ಳುಳ್ಳಿಯ ವಾಸನೆ ಬಂತು. ಇಂದಿರಾಬಾಯಿ ಅವಲಕ್ಕಿ, ಚಹಾ ಕೊಟ್ಟರು. "ಬೆಳ್ಳುಳ್ಳಿ ಊರಾಗ ಇದ್ದೂ ಬೆಳ್ಳುಳ್ಳಿ ಮುಟ್ಟೂದಿಲ್ರಿ ನಾ. ಗಾಳೀನ ಸಾಕಾಗೇತಿ," ಎಂದರು. ಕೈ ತೊಳೆದು ಬಂದು ಕಾಗದ ಬಿಡಿಸಿ, ಭೂತಗನ್ನಡಿ ಹಿಡಿದು ಒಮ್ಮೆ ತಮ್ಮಷ್ಟಕ್ಕೆ ಓದಿಕೊಂಡರು. ಮತ್ತೊಮ್ಮೆ ಓದಿದರು.

"ವಸಂತಾ, ಇದು ತೀರ್ಪಲ್ಲಪಾ."

"ಮತ್ತೇನ್ ಅತ್ಯಾ?"

"ಆಗಿನ ಪದ್ಧತಿ ಹಂಗಿತ್ತು. ಗೆದ್ದಾವ್ರಿಗೆ ದರಬಾರು ಜಯಪತ್ರ ಕೊಡತಿತ್ತು. ಸೋತಾವ್ರ ಕಡಿಂದ ಸೋತೇವಂತ ಬರಸ್ಕೋತಿತ್ತು. ಇದು ಚೆನ್ನವ್ವ ಬರದುಕೊಟ್ಟದ್ದು. ‘ಈ ಹೊಲದಾಗ ನನ್ನ ಹಕ್ಕಿಲ್ಲ, ನನ್ನ ತಕರಾರು ಸುಳ್ಳು, ನಾನಾಗ್ಲಿ ನನ್ನ ವಂಶದವ್ರಾಗ್ಲಿ ಇನ್ನ ಕೇಳೂದಿಲ್ಲ.’ ಕೆಳಗ ಈ ದುಂಡಗಿಂದು ನೋಡು. ಮುದ್ರಿ ಅಲ್ಲ, ಕೈಯಾಗಿನ ಬಳಿ ಒತ್ತಿದ್ದು. ಹೆಣಮಕ್ಕಳ ಸಹಿ ಅದು."

ಅತ್ತೆ ಮೇಲಿನ ಸಾಲಿಗೆ ಬೆರಳಿಟ್ಟರು. "ಇನ್ನೊಂದೈತಿ. ಮೊದಲಿಗೆ ಅರಸನ ಪರ ವಾದ ಮಾಡಿದಾವ್ರೂ ನರಸೋಪಂತರೇ. ಆಮ್ಯಾಲೆ ನ್ಯಾಯಕ್ಕ ಕೂತಾವ್ರೂ ಅವರೇ."

"ವೇಟ್, ಅದು ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಅಲ್ವಾ?" ಎಂದಳು ಅನನ್ಯಾ.

"ಏನಂತದು?" ಅತ್ತೆ ನನ್ನನ್ನು ಕೇಳಿದರು. ತಾನೇ ವಾದಿಸಿದ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದಿತ್ತು ಎನ್ನುತ್ತಾಳೆ ಎಂದೆ.

"ಅರಸನ ಮನಷ್ಯಾ ಅಂವಾ, ತಂಗಿ. ಅವಂಗ ಯಾರು ಹೇಳಬೇಕಿತ್ತು?" ಎಂದರು ಅತ್ತೆ ಅನನ್ಯಾಳಿಗೆ.

"ಪ್ರತಿವರ್ಷ ದಸರಾದಾಗ ಖಂಡೇಪೂಜಿಗೆ ಇದಕ್ಕ ಕುಂಕುಮಾ ಏರಸೇವಿ," ಎಂದರು ವಸಂತ. "ಆಕಿ ಸೋಲಿಗೆ ಪೂಜಾ ಮಾಡೇವಿ." ಎದ್ದು ಹಿತ್ತಲಿಗೆ ಹೋದರು. ಹತ್ತು ನಿಮಿಷದ ಮೇಲೆ ಬಂದು ನನ್ನನ್ನೇ ಕೇಳಿದರು: "ಇದು ನಮ್ಮ ನಾಕು ಮಂದಿಗಷ್ಟ ಗೊತ್ತು. ಪುಸ್ತಕ ಹಾಂಗೇ ಅಚ್ಚಾದ್ರ?"

ನಾನು ಉತ್ತರಿಸುವ ಮೊದಲೇ ಅತ್ತೆ ಕಾಗದ ಮಡಚಿದರು. "ಹಾಂಗೇ ಅಚ್ಚು ಹಾಕಸೂದಾದ್ರ ಹಾಕಸು. ನಾ ಓದೇನಂತ ಮಾತ್ರ ಬರೀಬ್ಯಾಡ."

ಊಟ ಮುಗಿಸಿ ಮೂರೂವರೆಗೆ ಹೊರಟೆವು. ಮಾರ್ಗನ್ ಹಿಲ್‌ನ ಬಳಿ ವಾಹನಗಳು ನಿಂತು ನಿಂತು ಸಾಗುತ್ತಿದ್ದವು. ವಸಂತ ಲ್ಯಾಪ್‌ಟಾಪ್ ತೆರೆದು, ಮುಚ್ಚಿ, ಮತ್ತೆ ತೆರೆದರು.

"ನಿಮ್ಮ ಪತ್ರಿಕೆಯೊಳಗ ತಪ್ಪು ಬಂದ್ರ ಏನ್ ಮಾಡ್ತಿದ್ರಿ?"

"ತಿದ್ದುಪಡಿ ಹಾಕುತ್ತಿದ್ದೆವು. ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ."

ಅವರು ನಕ್ಕರು. ಬೆರ್ರಿಯೆಸಾ ತಲುಪುವವರೆಗೂ ಟೈಪು ಮಾಡಿದರು. ಅನನ್ಯಾ ನಿಲ್ದಾಣದ ಮುಂದೆ ಕಾರು ನಿಲ್ಲಿಸಿದಾಗ, ಮುದ್ರಣಾಲಯಕ್ಕೆ ಬರೆದ ಪತ್ರವನ್ನು ಓದಿ ಹೇಳಿದರು: ಮುದ್ರಣ ತಡೆಹಿಡಿಯಿರಿ, ನ್ಯಾಯಾಧೀಶರ ಅಧ್ಯಾಯ ಹೊಸದಾಗಿ ಬರುತ್ತದೆ, ಚೆನ್ನವ್ವನೆಂಬ ವಿಧವೆ ಬರೆದುಕೊಟ್ಟ ಸೋಲುಪತ್ರದ ಪೂರ್ಣ ಪಾಠ ಅದರ ಮೊದಲ ಪುಟದಲ್ಲಿ ಇರಬೇಕು, ಓದಿಕೊಟ್ಟವರು ಇಂದಿರಾಬಾಯಿ.

"ವಿಡೋ ಬೇಡ ಅಪ್ಪಾ," ಎಂದಳು ಅನನ್ಯಾ. "ಶೀ ವಾಸ್ ದ ಪ್ಲೇಂಟಿಫ್."

ವಸಂತ ನನ್ನ ಮುಖ ನೋಡಿದರು. "ವಾದಿ," ಎಂದೆ. ಹಾಗೆಯೇ ತಿದ್ದಿ ಕಳುಹಿಸಿದರು. ನಾನು ಪ್ಲಾಟ್‌ಫಾರ್ಮಿಗೆ ಹತ್ತಿದಾಗ ರೈಲು ಬರಲು ಆರು ನಿಮಿಷವಿತ್ತು. ಕೆಳಗೆ ಅವರ ಕಾರು ಇನ್ನೂ ಅಲ್ಲೇ ನಿಂತಿತ್ತು.