ತುಕ್ಕು ತೆಗೆಸಿ ನಿಕ್ಕಲ್ ಕೊಂದದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾ ಪಿಎಚ್.ಡಿ.ಗೆ ಒದ್ದಾಡುತ್ತಿದ್ದೆ. ಕಲ್ಲಿದ್ದಲಿನ ಅನಿಲವನ್ನು ಮೀಥೇನ್ ಮಾಡಲು ನಿಕ್ಕಲ್ ಲೋಹದ ನೆರವು ಬೇಕು. ಆ ನಿಕ್ಕಲ್ ಎಷ್ಟು ದಿನ ಬಾಳುತ್ತದೆ ಎಂಬುದೇ ನನ್ನ ವಿಷಯ. ಅದು ವಾರವಿಡೀ ಬಿಡದೆ ಕೆಲಸ ಮಾಡಿ ತೋರಿಸಿದರೆ ಪ್ರಬಂಧಕ್ಕೆ ಸಹಿ, ಇಲ್ಲದಿದ್ದರೆ ಇನ್ನೊಂದು ವರ್ಷ ಎಂದಿದ್ದರು ಬೆಂಗಳೂರಿನ ನಮ್ಮ ಗೈಡ್.

ನಿಕ್ಕಲ್ಲಿಗೆ ಗಂಧಕವೆಂದರೆ ವಿಷ. ನನ್ನದೋ, ಗುಬ್ಬಿ ಸ್ಟೇಷನ್ನಿನಲ್ಲಿ ರೈಲಿನ ಡ್ರೈವರನ್ನು "ಅಣ್ಣಾ" ಎಂದು ಪುಸಲಾಯಿಸಿ ತಂದ ಕಲ್ಲಿದ್ದಲು, ಅದರಲ್ಲಿ ಗಂಧಕ ಧಾರಾಳ. ಆದ್ದರಿಂದ ಅನಿಲವನ್ನು ಮೊದಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿಯೊಳಗೆ ಹಾಯಿಸುತ್ತಿದ್ದೆ. ಗಂಧಕವನ್ನೆಲ್ಲ ಆ ತುಕ್ಕೇ ನುಂಗಿಕೊಳ್ಳುತ್ತಿತ್ತು.

ಆರು ದಿನ ನಿಕ್ಕಲ್ ಗಾಣದೆತ್ತಿನ ಹಾಗೆ ದುಡಿಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಮರುದಿನ ಗೈಡ್ ಬರುವವರಿದ್ದರು. ನಮ್ಮ ಕಾಲೇಜಿನಲ್ಲಿ ದೊಡ್ಡವರು ಬರುತ್ತಾರೆಂದರೆ ಗೋಡೆಗೆ ಸುಣ್ಣ, ಬಾಗಿಲ ಬೀಗಕ್ಕೂ ಪಾಲಿಶ್. ಕುಣಿಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅಟೆಂಡರ್ ಸಾಬರಿಗೆ ನಾನೇ ಜೋರು ಮಾಡಿದೆ.

"ಲ್ಯಾಬಲ್ಲಿ ಒಂದು ಚೂರು ತುಕ್ಕು ಕಂಡ್ರೂ ಸುಮ್ನಿರಲ್ಲ ನಾನು!"

"ಆಯ್ತು ಬುಡಿ ಮೇಡಂ," ಎಂದರು ಪಾಪ.

ಮರುದಿನ ಮಧ್ಯಾಹ್ನ ಗೈಡ್ ಎದುರು ಅಳೆದರೆ ಮೀಥೇನ್ ಸುಳಿವೇ ಇಲ್ಲ. ನಿಕ್ಕಲ್ ಸತ್ತಿತ್ತು. ಗೈಡ್ ಒಂದೊಂದೇ ಬಿಚ್ಚಿಸಿ ನೋಡುತ್ತಾ ಬಂದು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಹುಡುಕಿದರೂ ತುಕ್ಕಿಲ್ಲ. ಹೊಚ್ಚ ಹೊಸ ಕಬ್ಬಿಣದ ಚೂರು ಮದುವೆ ಮನೆಯ ಪಾತ್ರೆಯ ಹಾಗೆ ಥಳಥಳ ಹೊಳೆಯುತ್ತಿತ್ತು.

"ಯಾರು ಮಾಡಿದ್ದು ಇದನ್ನ?" ಎಂದರು.

ಸಾಬರ ಮೇಲೆ ಸಿಟ್ಟು ಉಕ್ಕಿ ಬಂತು. ಆದರೆ ಬಾಯಿ ತೆಗೆದರೆ ನನ್ನ ಮಾತೇ ನನ್ನ ಕೊರಳಿಗೆ ಬರುತ್ತಿತ್ತು. ನಿವೃತ್ತಿಗೆ ಎರಡೇ ವರ್ಷವಿದ್ದ ಮನುಷ್ಯ ಬೇರೆ.

"ನಾನೇ ಸಾರ್, ನಾನೇ ಮಾಡಿಸಿದ್ದು," ಎಂದೆ. ಒಂದು ಕ್ಷಣ ನನ್ನ ದೊಡ್ಡತನಕ್ಕೆ ನನಗೇ ಹೆಮ್ಮೆಯಾಯಿತು.

ಸಾಬರ ಮುಖ ಮಾತ್ರ ಸಣ್ಣದಾಯಿತು. ಮುಂದೆ ಬಂದು ನಿಂತರು.

"ಹೇಳಿದ್ದು ಮೇಡಮ್ಮೋರೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ತುಕ್ಕನ್ನೆಲ್ಲ ತಿಪ್ಪೆಗೆ ಸುರ್ದು, ನಮ್ಮಣ್ಣನ ಲೇತ್ ಅಂಗಡಿಯಿಂದ ಹೊಸಾ ಚೂರು ತಂದು ತುಂಬ್ದೋನು ನಾನು. ಅದನ್ನೂ ಹೇಳ್ಬೇಕಲ್ವಾ?"

ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಸಹಿಗೆಂದು ತೆಗೆದಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಸಾಬರ ಬೆನ್ನು ತಟ್ಟಿದರು. ನನ್ನದೊಂದು ವರ್ಷ ಹೋಯಿತು. ಶಭಾಸ್‌ಗಿರಿ ಸಿಕ್ಕಿತೆಂದು ಬೀಗುತ್ತಾ ಸಾಬರು, ಈಗ ನೀವೂ ಒಂದು ಒಳ್ಳೆಯ ಮಾತು ಹೇಳಿ ಎನ್ನುವಂತೆ ನನ್ನ ಕಡೆ ತಿರುಗಿದರು. ಅಳು ನುಂಗಿಕೊಂಡು "ಥ್ಯಾಂಕ್ಸ್ ಸಾಬ್ರೇ" ಎಂದೆ.