ಬ್ರಿಟಿಷ್ ಅಂದಾಗ ಕಣ್ಣು ತೆರೆದವರು

ದುಬೈಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್ ಆಗಿದ್ದಾಗಿನ ಮಾತು. ಊರಿನ ಮಿರ್ದಿಫ್ ಬಡಾವಣೆಯಿಂದ ಬಂದಿದ್ದ ಒಬ್ಬ ಮುದುಕರಿಗೆ ಎರಡು ದಿನದಿಂದ ಪ್ರಜ್ಞೆಯೇ ಇರಲಿಲ್ಲ. ಅವರು ಇಂಗ್ಲೆಂಡಿನವರು, ಹೆಂಡತಿ ಸ್ಕಾಟ್ಲೆಂಡಿನವರು. ಆಕೆ ಗಂಡನ ಕೈ ಹಿಡಿದು ಕೂತೇ ಇದ್ದರು. ಬೆಳಿಗ್ಗೆ ಫೈಲಿನ ವಿವರ ಸರಿಯಿದೆಯೇ ಎಂದು ಆಕೆಗೆ ಓದಿ ಹೇಳುತ್ತಿದ್ದೆ. "ವಯಸ್ಸು ಎಪ್ಪತ್ತೆಂಟು. ರಾಷ್ಟ್ರೀಯತೆ, ಬ್ರಿಟಿಷ್."

"ಬ್ರಿಟಿಷ್ ಅಲ್ಲ. ಇಂಗ್ಲಿಷ್."

ಹೇಳಿದ್ದು ಮುದುಕರು! ಕಣ್ಣುಗಳು ಅಗಲವಾಗಿ ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ದನಿ ಮಾತ್ರ ಗಟ್ಟಿಮುಟ್ಟಾದ ಹರೆಯದವನದು. ಮರುಗಳಿಗೆಯೇ ಮುಚ್ಚಿಕೊಂಡ ಆ ಕಣ್ಣು ಮತ್ತೆ ತೆರೆಯಲಿಲ್ಲ.

ಹೆಂಡತಿ ಮೆಲ್ಲಗೆ ತಮ್ಮ ಕೈ ಬಿಡಿಸಿಕೊಂಡರು. "ನಲವತ್ತು ವರ್ಷ, ನಾವಿಬ್ಬರೂ ಬ್ರಿಟಿಷರು ಅಂತಿದ್ದ. ಈಗ ತಾನು ಇಂಗ್ಲಿಷ್ ಅಂತ ಹೇಳಿ, ಸ್ಕಾಟಿಷ್ ಆದ ನನ್ನನ್ನು ಹೊರಗಿಟ್ಟು ಹೋಗ್ತಿದ್ದಾನೆ. ಯಾರಿಗೂ ಹೇಳಬೇಡಿ, ಸಿಸ್ಟರ್."

ಮಧ್ಯಾಹ್ನದೊಳಗೆ ಮುದುಕರು ತೀರಿಕೊಂಡರು. ಬೆಳಿಗ್ಗೆ ಒಮ್ಮೆ ಮಾತಾಡಿದ್ದರು ಎಂದಷ್ಟೇ ನಮ್ಮ ಮಂಗಳೂರಿನ ಡಾಕ್ಟರಿಗೆ ತಿಳಿಸಿದೆ.

"ಹೌದಾ? ಏನಂದ್ರು?"

ಹಾಸಿಗೆಯ ಪಕ್ಕದಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದರು. "ಅರ್ಥ ಆಗ್ಲಿಲ್ಲ, ಡಾಕ್ಟ್ರೇ," ಎಂದೆ.

"ಇಷ್ಟು ವರ್ಷ ಇಲ್ಲಿದ್ದೂ ನಿಮಗೆ ಇಂಗ್ಲಿಷ್ ಅರ್ಥ ಆಗುದಿಲ್ವಾ?"

ಪೂರ್ತಿ ಆಗುವುದಿಲ್ಲ ಎಂದೆ. ಅದೇನೂ ಸುಳ್ಳಲ್ಲ.