ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಇದನ್ನು ಹೇಳುವುದನ್ನು ನಾನು ಬಹಳ ದಿನ ಮುಂದೂಡಿದ್ದೇನೆ. ಪಂಚಮಿ ಮುಗಿಯಲಿ ಎಂದುಕೊಂಡೆ. ಆಮೇಲೆ ಮೊಮ್ಮಗನ ಕಾಲೇಜು ಶುರುವಾಗಲಿ ಎಂದೆ. ಕಣ್ಣಿನ ಪೊರೆ ತೆಗೆಸಿಕೊಂಡು ಸಾವಕಾಶವಾಗಿ ಬರೆಯೋಣವೆಂದೆ. ಪೊರೆ ತೆಗೆಸಿಯೂ ಆಯಿತು. ಇನ್ನು ನೆಪ ಉಳಿದಿಲ್ಲ.

ನಾನು ಇಳಕಲ್ಲಿನಲ್ಲಿ ಸೀರೆ ನೇಯ್ದು ಬದುಕಿದವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ತಂದೆಯ ಕುಣಿಮಗ್ಗಕ್ಕೆ, ಕಾಲಿಗೆ ಗುಂಡಿ ತೋಡಿದ ಮಗ್ಗಕ್ಕೆ, ಇಳಿದೆ. ಆದರೆ ನನಗೆ ಕೆಂಪು ಮತ್ತು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಎರಡೂ ಒಂದೇ ಮಣ್ಣುಬಣ್ಣ. ನಮ್ಮೂರಿನ ಸೀರೆಯ ಒಡಲು ಯಾವ ಬಣ್ಣದ್ದೂ ಇರಬಹುದು, ಸೆರಗು ಮಾತ್ರ ಕೆಂಪೇ ಆಗಬೇಕು. ಒಡಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿಯುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತೇವೆ. ಕೆಂಪು ಗುರುತಿಸಲಾರದ ನೇಕಾರನನ್ನು ಊರು ನಕ್ಕು ಓಡಿಸುತ್ತದೆ ಎಂಬ ಭಯ ನನಗಿತ್ತು. ಈ ಸಂಗತಿ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ರೇಷ್ಮೆ ನೂಲಿನ ಲಡಿಗಳನ್ನು ಅವಳು ಗೋಡೆಯ ಗೂಟಕ್ಕೆ ಹಾಕುವಾಗ ಕೆಂಪನ್ನು ಯಾವಾಗಲೂ ಎಡಕ್ಕೆ, ಹಸಿರನ್ನು ಬಲಕ್ಕೆ ಹಾಕುತ್ತಿದ್ದಳು. ನಾನು ಬಣ್ಣ ನೋಡದೆ ಗೂಟ ನೋಡಿ ತೆಗೆದುಕೊಳ್ಳುತ್ತಿದ್ದೆ.

ಮಗಳು ಏಳನೇ ಇಯತ್ತೆಯಲ್ಲಿದ್ದಾಗ ಹೆಂಡತಿ ತೀರಿಕೊಂಡಳು. ಆಮೇಲೆ ಲಡಿ ಹಾಕುವ ಕೆಲಸ ಮಗಳದಾಯಿತು. ಕೆಂಪು ಎಡಕ್ಕೇ ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅವ್ವ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿದಳು.

ಎರಡು ವರ್ಷದ ಮೇಲೆ, ಪಂಚಮಿಗೆ ಸುಣ್ಣ ಹಚ್ಚುವಾಗ ನಾನೇ ಲಡಿಗಳನ್ನು ಕೆಳಗಿಳಿಸಿದ್ದೆ. ಗೋಡೆ ಒಣಗಿದ ಮೇಲೆ ನಾನೇ ಮತ್ತೆ ಹಾಕಿದೆ. ಮಗಳು ಸಾಲೆಗೆ ಹೋಗಿದ್ದಳು. ಅವಳು ಬರುವವರೆಗೆ ಕಾಯದೆ ಎಡಗೂಟದ ಲಡಿ ತೆಗೆದು ಸೆರಗಿಗೆ ಕೊಂಡಿ ಹಾಕಿ, ಗೇಣುದ್ದ ನೇಯ್ದೆ. ಅವಳು ಮನೆಗೆ ಬಂದ ಹೊತ್ತಿಗೇ ಸೀರೆ ಹೇಳಿದ್ದ ಸಾವಕಾರರೂ ಬಂದರು. ಮಗ್ಗದ ಮೇಲೆ ಬಗ್ಗಿ ನೋಡಿದರು.

"ಇದೇನೋ, ಮದುವಿ ಸೀರಿಗೆ ಹಸರ ಸೆರಗು?"

"ಹುಡುಗಿ ಕೊಟ್ಟಳ್ರಿ. ಸಾಲಿಗೆ ಹೋಗೂ ಗಡಿಬಿಡಿಯೊಳಗ ಲಡಿ ಅದಲಿ ಬದಲಿ ಮಾಡ್ಯಾಳ" ಎಂದುಬಿಟ್ಟೆ.

"ಹಿಂಗಾದ್ರ ಹೆಂಗ? ಇಕಿ ಚಿತ್ತ ಪುಸ್ತಕದ ಮ್ಯಾಲ ಐತಿ, ಮಗ್ಗದ ಮ್ಯಾಲ ಇಲ್ಲ. ಸಾಲಿ ಬಿಡಿಸು, ಎಲ್ಲಾ ಸರಿ ಹೋಗ್ತೈತಿ."

ಮಗಳು ಪಾಟಿಚೀಲ ಹೆಗಲಿನಿಂದ ತೆಗೆಯದೆ ನಿಂತಿದ್ದಳು. ಪಂಚಮಿ ರಜೆ ಮುಗಿದ ಮೇಲೆ ಅವಳು ಸಾಲೆಗೆ ಹೋಗಲಿಲ್ಲ. ನಾನು ಹೋಗು ಅನ್ನಲಿಲ್ಲ. ಗೂಟದ ಹತ್ತಿರ ಒಬ್ಬರು ಇರುವುದು ನನಗೆ ಬೇಕಾಗಿತ್ತು. ಮದುವೆಯಾಗಿ ಹುನಗುಂದಕ್ಕೆ ಹೋಗುವವರೆಗೂ ಅವಳು ಅಲ್ಲೇ ಇದ್ದಳು.

ಬಹಳ ವರ್ಷದ ನಂತರ ಚಸ್ಮಾಕ್ಕೆಂದು ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಹೋದಾಗ ಡಾಕ್ಟರು ಚುಕ್ಕೆಗಳ ಪುಸ್ತಕವೊಂದನ್ನು ಮುಂದಿಟ್ಟರು. ಚುಕ್ಕೆಗಳ ನಡುವೆ ಅಂಕಿ ಇದೆಯಂತೆ. ನನಗೆ ಚುಕ್ಕೆ ಮಾತ್ರ ಕಂಡವು. "ಇದು ನಿಮಗ ಹುಟ್ಟಿನಿಂದ ಬಂದದ್ರಿ. ಮಗಳಿದ್ರ ಆಕಿಗೆ ತ್ರಾಸಿಲ್ಲ. ಆಕಿ ಗಂಡುಮಕ್ಕಳಿಗೆ ಬರಬಹುದು" ಎಂದರು. ಆ ಹೊತ್ತಿಗೆ ಮಗಳಿಗೆ ಒಬ್ಬನೇ ಮಗ, ಆರು ವರ್ಷದವನು. ಅದೇ ಬೇಸಿಗೆ ಅವನು ಅಂಗಳದಲ್ಲಿ ಹರವಿದ ಕೆಂಪು ಮೆಣಸಿನಕಾಯಿಯಲ್ಲಿ ಹಸಿರು ಉಳಿದ ಹಸಿಕಾಯಿ ಆರಿಸುತ್ತಿದ್ದ. ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ಆರಿಸುತ್ತಿದ್ದ. ನಾನೂ ಹಾಗೆಯೇ ಆರಿಸುವುದು. ಇದು ಅವನಿಗೂ ಬಂದಿದೆ ಎಂದು ಅವತ್ತೇ ನನಗೆ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಕೈ ನಡುಗತೊಡಗಿದ ಮೇಲೆ ಮಗ್ಗ ಮಾರಿ ನಾನು ಹುನಗುಂದಕ್ಕೆ, ಮಗಳ ಮನೆಗೆ ಬಂದೆ. ಅಳಿಯ ಸಾಲೆ ಮಾಸ್ತರ. ಮೊಮ್ಮಗ ಪಿಯುಸಿ ಮುಗಿಸಿದವನು ಪೈಲಟ್ ಆಗುತ್ತೇನೆ ಎಂದ. ಮನೆಯಲ್ಲಿ ಯಾರೂ ನಗಲಿಲ್ಲ. ಅವನು ಗಣಿತದಲ್ಲಿ ಅಷ್ಟು ಜಾಣ. ಆದರೆ ಎಲ್ಲಿಂದ ಶುರು ಮಾಡಬೇಕು ಎನ್ನುವುದು ನಮ್ಮಲ್ಲಿ ಯಾರಿಗೂ ತಿಳಿಯದು. ಅಳಿಯನಿಗೆ ಮೊದಲು ಆನ್‌ಲೈನ್ ಕ್ಲಾಸಿಗೆ ಸೇರಿಸಬೇಕು, ಹವಾಮಾನ, ದಿಕ್ಕು, ನಿಯಮ ಎಂದು ಅದರಲ್ಲಿ ಬರುವ ಪರೀಕ್ಷೆಗಳನ್ನು ಪಾಸು ಮಾಡಿಸಬೇಕು ಎಂದಿತ್ತು. ಅದೇ ತಿಂಗಳು ಹುಡುಗನಿಗೆ ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಸೀಟು ಕೂಡ ಸಿಕ್ಕಿತ್ತು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕಿತ್ತು.

ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ನನ್ನ ಹೈಸ್ಕೂಲಿನ ಗೆಳೆಯನೊಬ್ಬ ಇದ್ದಾನೆ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಅವನನ್ನು ಕೇಳೋಣವೆಂದು ನಾನೂ ಮೊಮ್ಮಗನೂ ಹೋದೆವು.

"ಏನ್ಲೇ, ಮೊಮ್ಮಗನ್ನ ಮ್ಯಾಲ ಹಾರಸ್ತೀಯಂತ? ನೀ ಟ್ರಿಪ್ಪಿಗೆ ಹೋದಾಗ ಬಸ್ಸಿನ್ಯಾಗ ನನ್ನ ಅಂಗಿ ಮ್ಯಾಲ ವಾಂತಿ ಮಾಡಿದಾಂವ" ಎಂದು ನಕ್ಕ. ಆಮೇಲೆ ಹುಡುಗನ ಕಡೆ ತಿರುಗಿ, "ನೋಡಪಾ, ಮೊದಲ ಮೆಡಿಕಲ್. ಕಿವಿ, ಎದಿ, ಕಣ್ಣು. ಚಸ್ಮಾ ಇದ್ರ ನಡಿತೈತಿ, ಬಣ್ಣ ಕಾಣಬೇಕು. ಅದು ಪಾಸಾದ ಮ್ಯಾಲ ಪುಸ್ತಕ, ಆಮ್ಯಾಲ ವಿಮಾನ. ಇದನ್ನ ಉಲ್ಟಾ ಮಾಡಿದವರು ಅತ್ತಿದ್ದು ನಾ ನೋಡೇನಿ" ಎಂದ.

ಬಣ್ಣ ಎಂದಾಗ ನಾನು ಚಹಾದ ಬಟ್ಟಲು ಕೆಳಗಿಟ್ಟೆ.

ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಾ ಹುಡುಗ ಕೇಳಿದ. "ಅಜ್ಜಾ, ಅಪ್ಪ ಕ್ಲಾಸ್ ಮೊದಲ ಅಂತಾನ. ನಿನ್ನ ದೋಸ್ತ ಮೆಡಿಕಲ್ ಮೊದಲ ಅಂತಾರ. ಮೆಡಿಕಲ್‌ನ್ಯಾಗ ಬಿದ್ರ ನಾ ಈ ವರ್ಷನ ಕಾಲೇಜಿಗೆ ಹೋಗಬಹುದು. ನೀ ಏನಂತಿ?"

ಅವನು ನನ್ನನ್ನು ನಂಬಿ ಕೇಳಿದ್ದ. ಒಂದು ಮಾತು ಸಾಕಿತ್ತು. ಆದರೆ ಆ ಚುಕ್ಕೆಗಳ ಪುಸ್ತಕ ಅವನ ಮುಂದೆ ತೆರೆದರೆ ಇದು ಯಾರಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ, ಅದರ ಹಿಂದೆಯೇ ಹಸಿರು ಸೆರಗು ಬರುತ್ತದೆ ಎಂದು ನನಗೆ ಕಂಡಿತು. ನಾನು ಬದುಕಿರುವಷ್ಟು ದಿನ ಅದು ಬಾರದಿರಲಿ ಎನಿಸಿತು.

"ಮೊದಲ ಓದು ಗಟ್ಟಿ ಮಾಡ್ಕೋ. ಕಣ್ಣು ಎಲ್ಲಿ ಓಡಿ ಹೋಗ್ತಾವ" ಎಂದೆ.

ಅವನು ಸೀಟು ಬಿಟ್ಟ.

ಆ ವರ್ಷ ಅವನು ಓದಿದ ಹಾಗೆ ಯಾರೂ ಓದಿದ್ದನ್ನು ನಾನು ಕಂಡಿಲ್ಲ. ಮಾಳಿಗೆಯ ಮೇಲೆ ನಿಲ್ಲಿಸಿ ನನಗೆ ಮೋಡಗಳ ಹೆಸರು ಹೇಳುತ್ತಿದ್ದ. ಒಂದು ಸಂಜೆ, "ಅಜ್ಜಾ, ವಿಮಾನದ ಎಡ ರೆಕ್ಕಿಗೆ ಕೆಂಪು ಲೈಟು, ಬಲ ರೆಕ್ಕಿಗೆ ಹಸರು. ಅದನ್ನ ನೋಡಿ ಅದು ಬರಾಕತ್ತೈತೋ, ಹೊಂಟೈತೋ ಹೇಳತಾರ" ಎಂದ. ನಾನು ಮೊಣಕಾಲು ನೋಯುತ್ತದೆ ಎಂದು ಹೇಳಿ ಕೆಳಗಿಳಿದೆ.

ಎರಡು ಪೇಪರು ಪಾಸಾದ ಮೇಲೆ ತಂದೆಮಗ ಮೆಡಿಕಲ್‌ಗೆ ಬೆಂಗಳೂರಿಗೆ ಹೋದರು. ಅದೇ ಚುಕ್ಕೆಗಳ ಪುಸ್ತಕ. ಆಮೇಲೆ ಕತ್ತಲೆ ಕೋಣೆಯಲ್ಲಿ ಕೂರಿಸಿ ದೀಪ ತೋರಿಸಿ ಇನ್ನೊಂದು ಪರೀಕ್ಷೆ ಮಾಡಿದರಂತೆ. ಅದರಲ್ಲೂ ಆಗಲಿಲ್ಲ. ವಾಪಸು ಬಂದವನು ಪುಸ್ತಕಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಮಂಚದ ಕೆಳಗೆ ತಳ್ಳಿದ.

ಅಳಿಯ ಕೆಟ್ಟವನಲ್ಲ. ಆದರೆ ದಣಿದಿದ್ದ. "ತಾಯಿ ಕಡಿಂದ ಬಂದದ್ದು ಅಂದ್ರು ಡಾಕ್ಟ್ರು" ಎಂದು ಹೆಂಡತಿಯ ಮುಖ ನೋಡಿದ. "ನಿಮ್ಮ ಮನ್ಯಾಗ ಯಾರಿಗಿತ್ತು? ಗೊತ್ತಿದ್ದು ಹೇಳಲಿಲ್ಲೇನು? ಹುಡುಗಂದು ವರ್ಷ ಹಾಳಾತಲ್ಲ."

ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಮಗಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ನನ್ನ ಕಡೆ ಒಮ್ಮೆಯೂ ನೋಡದೆ, "ನಮ್ಮವ್ವಗಿತ್ರಿ. ನನಗ ಗೊತ್ತಿತ್ತು, ಹೇಳಲಿಲ್ಲ. ತಪ್ಪು ನಂದ" ಎಂದಳು.

ಅವಳವ್ವ ಒಂದೇ ಬಣ್ಣದ ಹತ್ತು ಛಾಯೆಗಳನ್ನು ಬೇರೆ ಮಾಡಬಲ್ಲವಳಾಗಿದ್ದಳು. ಅದು ಮಗಳಿಗೆ ಗೊತ್ತು. ಆಗ ನನಗೆ ತಿಳಿಯಿತು: ಇವಳಿಗೆ ನನ್ನ ಕಣ್ಣಿನ ವಿಷಯ ಪಾಟಿಚೀಲ ಹೊತ್ತು ನಿಂತಿದ್ದ ಆ ದಿನದಿಂದಲೇ ಗೊತ್ತಿದೆ. ಮೊಮ್ಮಗನಿಗೂ ಅದು ಬರಬಹುದೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ಈ ವರ್ಷ ಹುಡುಗ ಬಾಗಲಕೋಟೆಯ ಕಾಲೇಜು ಸೇರಿದ, ತನ್ನ ಓರಗೆಯವರಿಗಿಂತ ಒಂದು ವರ್ಷ ಹಿಂದೆ. ಅವನು ಹೊರಡುವ ದಿನ ಬಸ್ಸಿಗೆ ಹತ್ತಿಸಲು ನಾನೇ ಹೋದೆ. ನಿಂತಲ್ಲೇ ಎಲ್ಲ ಹೇಳಿದೆ. ತಪ್ಪಾಯಿತು ಅಂದೆ. ಅವನು ಬ್ಯಾಗಿನ ಪಟ್ಟಿ ತಿರುವುತ್ತಾ ಕೇಳಿದ.

"ಬಾದಾಮಿ ಬಸ್ ಸ್ಟ್ಯಾಂಡಿನ್ಯಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

"ಹೇಳಿದ್ರ ಒಂದೆರಡು ದಿನ ಅಳ್ತಿದ್ದೆ ಅಜ್ಜಾ. ಅಷ್ಟ. ಆಮ್ಯಾಲ ಕಾಲೇಜಿಗೆ ಹೋಗ್ತಿದ್ದೆ." ಬಸ್ಸು ಬಂತು. ಮೆಟ್ಟಿಲಿನ ಮೇಲೆ ಕಾಲಿಟ್ಟು ತಿರುಗಿದ. "ಅವ್ವಗ ಹೇಳಿಯೇನು?"

"ಇಲ್ಲ."

"ಮೊದಲ ಆಕಿಗೆ ಹೇಳಬೇಕಿತ್ತು."

ಇಲ್ಲೂ ನಾನು ಕ್ರಮ ತಪ್ಪಿಸಿದ್ದೆ. ಅವನು ಹೋಗಿ ನಾಲ್ಕು ತಿಂಗಳಾಯಿತು. ನನ್ನ ಗುಳಿಗೆಗಳು ಎರಡು ಬಗೆಯವು, ಆಕಾರ ಒಂದೇ, ಬಣ್ಣ ಬೇರೆಯಂತೆ. ದಿನಾ ಬೆಳಿಗ್ಗೆ ಚಹಾದ ಜೊತೆ ತಟ್ಟೆಯೊಂದು ಬರುತ್ತದೆ. ಮುಂಜಾನೆಯ ಕೆಂಪು ಗುಳಿಗೆ ಎಡಕ್ಕೆ, ಸಂಜೆಯ ಹಸಿರು ಗುಳಿಗೆ ಬಲಕ್ಕೆ. ಹಾಗೆ ಇಡು ಎಂದು ನಾನು ಮಗಳಿಗೆ ಹೇಳಿದ್ದಿಲ್ಲ. ತಟ್ಟೆ ಇಟ್ಟು ಒಂದು ಗಳಿಗೆ ನಿಲ್ಲುತ್ತಾಳೆ, ನಾನು ಏನೋ ಹೇಳಬಹುದೆಂಬಂತೆ. ನಾನು ಗುಳಿಗೆ ನುಂಗಿ ನೀರು ಕುಡಿಯುತ್ತೇನೆ. ಹುಡುಗನ ಹತ್ತಿರ ತಪ್ಪಾಯಿತು ಅಂದೆ, ಅವನ ಮಾತು ಮೀರಿದ್ದಕ್ಕೆ ಚೊಳಚಗುಡ್ಡದ ಗೆಳೆಯನ ಹತ್ತಿರವೂ ಅಂದೆ. ನಾನು ಇನ್ನೂ ಕ್ಷಮೆ ಕೇಳದೆ ಉಳಿದಿರುವುದು ಈ ತಟ್ಟೆ ಇಟ್ಟು ನಿಲ್ಲುವವಳನ್ನು, ನನ್ನ ಮಗಳನ್ನು.